ದೆಹಲಿಯ ಕಲ್ಲುಗುಡ್ಡ: ಗಣಿಯಿಂದ ಅಭಯಾರಣ್ಯಕ್ಕೆ

ದೆಹಲಿಯ ಇತಿಹಾಸವನ್ನು ಹೇಳಹೊರಟವರು ಸಾಮಾನ್ಯವಾಗಿ ಅಲ್ಲಿಯ ಕಟ್ಟಡಗಳ ಮೂಲಕ ಅದನ್ನು ಹೇಳುತ್ತಾರೆ. ಕುತುಬ್ ಮಿನಾರಿನಿಂದ ಮೊದಲ್ಗೊಂಡು ತುಘಲಕರ ಕೋಟೆಗಳು, ಹುಮಾಯೂನನ ಸಮಾಧಿ, ಷಹಜಹಾನನ ಕೆಂಪುಕೋಟೆ, ಕೊನೆಗೆ ಆಂಗ್ಲೇಯರು ಕಟ್ಟಿದ ಹೊಸ ದೆಹಲಿ, ಹೀಗೆ ಒಂದಾದ ಮೇಲೊಂದು ರಾಜಧಾನಿಗಳ ಪಟ್ಟಿ ನಮಗೆ ಶಾಲೆಯ ಪಾಠಪುಸ್ತಕಗಳಿಂದಲೇ ಪರಿಚಿತವಾಗಿದೆ. ಆದರೆ ಕಲ್ಲಿನ ಗೋಡೆಯೊಂದು ಮೇಲಕ್ಕೇಳಬೇಕಾದರೆ ಮತ್ತೆಲ್ಲಿಯೋ ನೆಲ ಕೆಳಕ್ಕಿಳಿಯಬೇಕಷ್ಟೆ. ಎದ್ದ ಗೋಡೆಯ ಲೆಕ್ಕವನ್ನು ಇತಿಹಾಸಕಾರರು ಜಾಗರೂಕತೆಯಿಂದ ಇಟ್ಟಿದ್ದಾರೆ. ಬಿದ್ದ ಹಳ್ಳದ ಲೆಕ್ಕವನ್ನಿಟ್ಟವರು ವಿರಳ. ಈ ಭಾಷಣದಲ್ಲಿ ನಾವು ಅಂತಹ ಹಳ್ಳಗಳ ಚರಿತ್ರೆಯನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಆ ಹಳ್ಳಗಳಿರುವ ಪ್ರದೇಶಕ್ಕೆ ಇಂದು ಅಸೋಲಾ-ಭಟ್ಟಿ ವನ್ಯಜೀವಿ ಅಭಯಾರಣ್ಯವೆಂದು ಹೆಸರು.

ದೆಹಲಿ ನಗರದ ದಕ್ಷಿಣದ ಅಂಚಿನಲ್ಲಿ, ಹರಿಯಾಣದ ಗಡಿಗೆ ತಾಗಿದಂತೆ, ಸುಮಾರು ೩೨ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ ಕುರುಚಲು ಕಾಡೊಂದಿದೆ. ಗುಜರಾತಿನ ಕಡೆಯಿಂದ ಹೊರಟು ರಾಜಸ್ಥಾನವನ್ನು ಹಾದು ಬರುವ ಅರಾವಳಿ ಪರ್ವತಶ್ರೇಣಿಯು ದೆಹಲಿಯನ್ನು ಮುಟ್ಟುವ ವೇಳೆಗೆ ಬಹಳ ತಗ್ಗಿ, ಬರಿಯ ಕಲ್ಲುಗುಡ್ಡಗಳ ಸಾಲಾಗಿ, ಯಮುನೆಯ ಸಮೀಪದಲ್ಲಿ ಮುಗಿದುಹೋಗುತ್ತದೆ. ಈ ಕೊನೆಯ ಭಾಗವನ್ನು ದೆಹಲಿಯ ಜನರು ‘ರಿಡ್ಜ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಏಣು ಎನ್ನಬಹುದು. ಅಭಯಾರಣ್ಯವಿರುವುದು ಈ ಏಣಿನ ದಕ್ಷಿಣ ಭಾಗದಲ್ಲಿ. ಒಂದು ಕಡೆ ಕೋಟ್ಯಂತರ ಜನ ವಾಸಿಸುವ ಮಹಾನಗರ. ಇನ್ನೊಂದು ಕಡೆ ಚಿರತೆ ಓಡಾಡುವ ಕಾಡು. ಇವೆರಡರ ನಡುವೆ ಇರುವುದು ಕೆಲವು ಗೋಡೆಗಳೂ ಕೆಲವು ರಸ್ತೆಗಳೂ ಮಾತ್ರ.

ಗುಡ್ಡದ ಕಲ್ಲಿನ ಸ್ವಭಾವವನ್ನು ಮೊದಲು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಅದು ಭೂಶಾಸ್ತ್ರಜ್ಞರು ಕ್ವಾರ್ಟ್‌ಜೈಟ್ ಎಂದು ಕರೆಯುವ ಶಿಲೆ. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ನೆಲೆನಿಂತ ಮರಳು, ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಬೆಸೆದುಕೊಂಡು, ಉಳಿಯ ಬಾಯಿ ಮುರಿಯುವಷ್ಟು ಗಟ್ಟಿಯಾದ ಬಂಡೆಯಾಯಿತು. ಆದರೆ ಕೆಲವೆಡೆಗಳಲ್ಲಿ ಮಳೆ ಬಿಸಿಲುಗಳ ದೀರ್ಘಕಾಲದ ಹೊಡೆತದಿಂದ ಅದೇ ಬಂಡೆ ಒಳಗೊಳಗೇ ಸಡಿಲಗೊಂಡು ಮತ್ತೆ ಕೆಂಪು ಛಾಯೆಯ ಒರಟು ಮರಳಾಗಿದೆ. ಗಟ್ಟಿಯಾದುದು ಗೋಡೆಗೆ, ಸಡಿಲವಾದುದು ಗಾರೆಗೆ! ಒಂದೇ ಗುಡ್ಡ ಎರಡನ್ನೂ ಒದಗಿಸಿತು. ಈ ಮರಳಿಗೆ ಹತ್ತಿರದ ಊರಿನ ಹೆಸರೇ ನಿಂತು, ದೆಹಲಿಯ ಮೇಸ್ತ್ರಿಗಳ ಬಾಯಲ್ಲಿ ಅದು ‘ಬದರ್‌ಪುರ’ ಎಂದೇ ಪ್ರಸಿದ್ಧವಾಯಿತು.

ಈ ಕಲ್ಲನ್ನು ಮನುಷ್ಯನು ಕೈಗೆತ್ತಿಕೊಂಡುದು ನಿನ್ನೆ ಮೊನ್ನೆಯಲ್ಲ. ಅಭಯಾರಣ್ಯಕ್ಕೆ ಸಮೀಪದ ಅನಂಗಪುರದ ಸುತ್ತಮುತ್ತ ಶಿಲಾಯುಗದ ಕೈಗೊಡಲಿಗಳು ಪುರಾತತ್ವಜ್ಞರಿಗೆ ದೊರೆತಿವೆ; ಅವನ್ನು ಮಾಡಿರುವುದು ಇದೇ ಕಲ್ಲಿನಿಂದ. ಅದೇ ಅನಂಗಪುರದಲ್ಲಿ ತೋಮರ ವಂಶದ ಅನಂಗಪಾಲನು ಕಟ್ಟಿಸಿದನೆಂದು ಹೇಳುವ ಕಲ್ಲಿನ ಅಣೆಕಟ್ಟೊಂದು ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಇಂದಿಗೂ ಅಡ್ಡಗಟ್ಟಿ ನಿಂತಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಆ ವಂಶದವನೇ ಆದ ಸೂರಜಪಾಲನದೆಂದು ಪ್ರತೀತಿಯಿರುವ ಸೂರಜಕುಂಡವಿದೆ: ಅರ್ಧಚಂದ್ರಾಕಾರವಾದ ಮೆಟ್ಟಿಲುಗಳ ಕಲ್ಯಾಣಿ. ಕಲ್ಲನ್ನು ಬಿಡಿಸುವುದಕ್ಕೂ ನೀರನ್ನು ನಿಲ್ಲಿಸುವುದಕ್ಕೂ ಇದ್ದ ನಂಟು ಎಷ್ಟು ಹಳೆಯದೆಂಬುದನ್ನು ಈ ಎರಡು ಕೆಲಸಗಳು ತೋರಿಸುತ್ತವೆ. ಮಳೆ ಕಡಮೆಯಾದ ನಾಡಿನಲ್ಲಿ ಗುಡ್ಡವನ್ನು ಅಗೆದವನಿಗೆ ಎರಡು ಲಾಭ. ಅಗೆದ ಕಲ್ಲು ಒಂದು, ಅಗೆದ ಗುಣಿಯಲ್ಲಿ ನಿಂತ ನೀರು ಇನ್ನೊಂದು.

ಗುಡ್ಡದ ಕಲ್ಲನ್ನು ಅತ್ಯಂತ ಧಾರಾಳವಾಗಿ ಬಳಸಿದವನು ಘಿಯಾಸುದ್ದೀನ್ ತುಘಲಕ್. ೧೩೨೦ರಲ್ಲಿ ಸಿಂಹಾಸನವನ್ನೇರಿದ ಈತನು ಕೆಲವೇ ವರ್ಷಗಳಲ್ಲಿ ತುಘಲಕಾಬಾದಿನ ಮಹಾದುರ್ಗವನ್ನು ಎಬ್ಬಿಸಿದನು. ಅದರ ಗೋಡೆಗಳ ಸುತ್ತಳತೆ ಆರು ಕಿಲೋಮೀಟರುಗಳಿಗೂ ಹೆಚ್ಚು. ಅದೇ ಕಾಲದಲ್ಲಿ ಸಂತ ನಿಜಾಮುದ್ದೀನ್ ಔಲಿಯಾ ಅವರು ತಮ್ಮ ಆಶ್ರಮದ ಬಳಿ ಒಂದು ಮೆಟ್ಟಿಲುಬಾವಿಯನ್ನು ತೋಡಿಸುತ್ತಿದ್ದರಂತೆ. ಕೂಲಿಗಳು ಹಗಲು ಸುಲ್ತಾನನ ಕೋಟೆಯಲ್ಲಿ ದುಡಿದು, ರಾತ್ರಿ ದೀಪ ಹಚ್ಚಿಕೊಂಡು ಸಂತರ ಬಾವಿಯಲ್ಲಿ ದುಡಿದರಂತೆ. ಸುಲ್ತಾನನು ದೀಪಕ್ಕೆ ಎಣ್ಣೆ ಸಿಕ್ಕದಂತೆ ಮಾಡಿದಾಗ ಬಾವಿಯ ನೀರೇ ಎಣ್ಣೆಯಾಗಿ ಉರಿಯಿತಂತೆ. ಕೋಟೆ ಹಾಳುಬೀಳಲಿ, ಇಲ್ಲವೆ ದನಗಾಹಿಗಳ ಪಾಲಾಗಲಿ ಎಂದು ಸಂತರು ಶಪಿಸಿದರೆಂಬ ಮಾತೂ ಜನಜನಿತವಾಗಿದೆ. ಇದು ಐತಿಹ್ಯ, ಚರಿತ್ರೆಯಲ್ಲ. ಆದರೂ ಈ ಕಥೆಯ ತಿರುಳನ್ನು ಗಮನಿಸಬೇಕು. ಅರಸನಿಗೂ ಸಂತನಿಗೂ ನಡೆದ ಜಗಳ ಕಲ್ಲಿಗಾಗಿಯಲ್ಲ, ಕಲ್ಲು ಹೊರುವ ಕೈಗಳಿಗಾಗಿ. ಆ ಕೈಗಳು ಯಾರವು, ಹಗಲಿರುಳು ದುಡಿದು ಅವು ಏನಾದುವು ಎಂಬುದನ್ನು ಕಥೆ ಹೇಳದೆ ಬಿಟ್ಟಿದೆ.

ಘಿಯಾಸುದ್ದೀನನ ತರುವಾಯ ಪಟ್ಟಕ್ಕೆ ಬಂದ ಮಹಮ್ಮದ್ ಬಿನ್ ತುಘಲಕನು ಅದೇ ಕಲ್ಲಿನಿಂದ ಪಕ್ಕದಲ್ಲಿ ಅದಿಲಾಬಾದ್ ಎಂಬ ಕಿರುಕೋಟೆಯನ್ನು ಕಟ್ಟಿಸಿದನು. ಈತನ ಹೆಸರು ಕನ್ನಡಿಗರಿಗೆ ಹೊಸತಲ್ಲ. ೧೩೨೭ರಲ್ಲಿ ಕಂಪಿಲಿಯನ್ನು ಮುತ್ತಿ, ಕಂಪಿಲರಾಯನ ರಾಜ್ಯವನ್ನು ನಿರ್ನಾಮ ಮಾಡಿದ ದಂಡು ಈತನದೇ. ಕುಮಾರರಾಮನ ಸಾಹಸವನ್ನು ಹಾಡುವ ನಮ್ಮ ಜನಪದ ಯಾರ ಸೇನೆಯನ್ನು ನೆನೆಯುತ್ತದೆಯೋ, ಆ ಸೇನೆಯ ಒಡೆಯನ ಕೋಟೆಗೆ ಕಲ್ಲು ಕೊಟ್ಟುದು ಇದೇ ಗುಡ್ಡದ ಸಾಲು.

ಅಲ್ಲಿಂದ ಮುಂದೆ ಆರು ಶತಮಾನಗಳನ್ನು ದಾಟಿ ಬರೋಣ. ೧೯೧೧ರ ಡಿಸೆಂಬರಿನ ದರ್ಬಾರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಘೋಷಣೆಯಾಯಿತು. ಹೊಸ ನಗರದ ಹಿನ್ನೆಲೆಗೆ ಹಸುರು ಬೇಕೆಂದು ಏಣಿನ ಒಂದು ಭಾಗವನ್ನು ೧೯೧೩ರಲ್ಲಿ ರಕ್ಷಿತಾರಣ್ಯವೆಂದು ಸಾರಿದರು. ಒಣಗುಡ್ಡದ ಮೇಲೆ ಬೇಗನೆ ಹಸುರನ್ನು ಕಾಣಬೇಕೆಂಬ ಆತುರದಿಂದ, ಅಮೆರಿಕ ಖಂಡದಿಂದ ಬಂದ ಒಂದು ಮುಳ್ಳುಮರವನ್ನೂ ಅಲ್ಲಿ ಬೆಳೆಸಿದರು. ದೆಹಲಿಯವರು ಅದನ್ನು ವಿಲಾಯತಿ ಕೀಕರ್ ಎನ್ನುತ್ತಾರೆ; ನಮ್ಮವರು ಬಳ್ಳಾರಿ ಜಾಲಿ ಎನ್ನುತ್ತಾರೆ. ಬಳ್ಳಾರಿ ರಾಯಚೂರುಗಳ ಬೀಳುಗಳಲ್ಲಿ ಅದರ ಪ್ರತಾಪವನ್ನು ಕಂಡವರಿಗೆ ವಿವರಣೆ ಬೇಡ. ಎಂತಹ ಬರದಲ್ಲಿಯೂ ಅದು ಸಾಯುವುದಿಲ್ಲ. ತಾನಿರುವಲ್ಲಿ ಇನ್ನೊಂದು ಗಿಡ ಏಳಲು ಸುಲಭವಾಗಿ ಬಿಡುವುದೂ ಇಲ್ಲ.

ಇಷ್ಟಾದರೂ ಗುಡ್ಡಕ್ಕೆ ನಿಜವಾದ ಗಂಡಾಂತರ ಬಂದುದು ಸ್ವಾತಂತ್ರ್ಯಾನಂತರ. ೧೯೪೧ರ ಜನಗಣತಿಯಲ್ಲಿ ದೆಹಲಿ ಪ್ರಾಂತದ ಜನಸಂಖ್ಯೆ ಸುಮಾರು ೯ ಲಕ್ಷ; ದೇಶವಿಭಜನೆಯ ನಿರಾಶ್ರಿತರು ಬಂದು ಸೇರಿದ ಮೇಲೆ, ೧೯೫೧ರಲ್ಲಿ, ಅದು ಸುಮಾರು ೧೭ ಲಕ್ಷವಾಯಿತು; ೧೯೯೧ರಲ್ಲಿ ೯೪ ಲಕ್ಷ. ಇಷ್ಟು ಜನಕ್ಕೆ ಮನೆ ಬೇಕು, ಕಚೇರಿ ಬೇಕು, ರಸ್ತೆ ಬೇಕು, ಸೇತುವೆ ಬೇಕು. ಇಟ್ಟಿಗೆಯನ್ನು ಇಟ್ಟಿಗೆಗೆ ಅಂಟಿಸುವ ಗಾರೆಗೆ ಮರಳು ಬೇಕು. ಭಟ್ಟಿ ಎಂಬ ಗ್ರಾಮದ ನೆಲದಲ್ಲಿ ಬದರ್‌ಪುರ ಮರಳು ಹೇರಳವಾಗಿತ್ತು. ಮೊದಲು ಗುತ್ತಿಗೆದಾರರ ಕೈಯಲ್ಲಿಯೂ, ೧೯೭೦ರ ದಶಕದ ನಡುವಿನಿಂದ ಸರ್ಕಾರಿ ನಿಗಮದ ಕೈಯಲ್ಲಿಯೂ ಗಣಿಯ ಕೆಲಸ ನಡೆಯಿತು. ಇಂದು ದೆಹಲಿಯಲ್ಲಿ ನಾವು ಕಾಣುವ ಆ ಕಾಲದ ಯಾವ ಬಡಾವಣೆಯ ಗೋಡೆಯನ್ನು ಕೆರೆದರೂ ಭಟ್ಟಿಯ ನೆಲ ಉಗುರಿಗೆ ಸಿಕ್ಕೀತು.

ಆ ನೆಲವನ್ನು ಅಗೆದವರು ಯಾರು? ಅವರಲ್ಲಿ ಮುಖ್ಯರಾದವರು ಓಡ್ ಎಂಬ ಜನಾಂಗದವರು. ಪಂಜಾಬು, ಸಿಂಧ, ರಾಜಸ್ಥಾನ, ಗುಜರಾತುಗಳಲ್ಲಿ ಕೆರೆ ಕಾಲುವೆ ಬಾವಿಗಳನ್ನು ತೋಡುವುದೇ ಇವರ ಕುಲವೃತ್ತಿ. ಗುದ್ದಲಿಯೂ ಮಣ್ಣು ಹೊರುವ ಕತ್ತೆಯೂ ಇವರ ಆಸ್ತಿ. ದೇಶವಿಭಜನೆಯ ಕಾಲದಲ್ಲಿ ಇವರಲ್ಲಿ ಅನೇಕರು ಗಡಿಯಾಚೆಯಿಂದ ಬಂದವರು. ಗಂಗೆಯನ್ನು ಭೂಮಿಗೆ ತಂದ ಭಗೀರಥನೇ ತಮ್ಮ ಮೂಲಪುರುಷನೆಂದು ಇವರು ಹೇಳಿಕೊಳ್ಳುತ್ತಾರೆ. ಪಂಜಾಬಿನ ಜಾತಿಗಳನ್ನು ಕುರಿತು ಬರೆದ ಇಬೆಟ್‌ಸನ್ ಇವರ ಒಂದು ಕಥೆಯನ್ನು ದಾಖಲೆ ಮಾಡಿದ್ದಾನೆ. ಒಂದೇ ಬಾವಿಯ ನೀರನ್ನು ಎರಡು ಸಲ ಕುಡಿಯುವುದಿಲ್ಲವೆಂದು ಇವರ ಹಿರಿಯನು ಪ್ರತಿಜ್ಞೆ ಮಾಡಿದನಂತೆ. ದಿನಕ್ಕೊಂದು ಹೊಸ ಬಾವಿಯನ್ನು ತೋಡುತ್ತ ತೋಡುತ್ತ, ಒಂದು ದಿನ ಆಳಕ್ಕೆ, ಇನ್ನೂ ಆಳಕ್ಕೆ ಇಳಿದವನು ಮತ್ತೆ ಮೇಲಕ್ಕೆ ಬರಲೇ ಇಲ್ಲವಂತೆ.

ಈ ಸಂಗತಿಗಳನ್ನು ಕೇಳುವಾಗ ಕನ್ನಡಿಗರಾದ ನಮಗೆ ಪರಕೀಯವೆನಿಸುವುದಿಲ್ಲ. ನಮ್ಮಲ್ಲಿಯೂ ಉಪ್ಪಾರರು ಭಗೀರಥನನ್ನು ತಮ್ಮ ಕುಲಪುರುಷನೆಂದು ಪೂಜಿಸುತ್ತಾರೆ. ಓಡ್ ಎಂಬ ಹೆಸರನ್ನೇ ಹೋಲುವ ಒಡ್ಡರು, ಎಂದರೆ ಇಂದಿನ ಭೋವಿ ಸಮಾಜದವರು, ಕಲ್ಲು ಒಡೆದು, ಮಣ್ಣು ಹೊತ್ತು, ಈ ನಾಡಿನ ಕೆರೆಗಳ ಏರಿಗಳನ್ನು ಹಾಕಿದವರು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಶಿವಯೋಗಿ ಸಿದ್ಧರಾಮನಲ್ಲಿ ಅವರಿಗೆ ವಿಶೇಷವಾದ ಭಕ್ತಿ. ಕೆರೆಯ ಶಾಸನದಲ್ಲಿ ಕಟ್ಟಿಸಿದ ಅರಸನ ಹೆಸರಿರುತ್ತದೆ, ದಂಡನಾಯಕನ ಹೆಸರಿರುತ್ತದೆ, ದಾನ ಪಡೆದವರ ಹೆಸರಿರುತ್ತದೆ; ಬುಟ್ಟಿ ಹೊತ್ತವರ ಹೆಸರು ಇರುವುದು ಅಪರೂಪ. ಭಟ್ಟಿಯ ವಿಷಯದಲ್ಲಿಯೂ ಹಾಗೆಯೇ ಆಯಿತು.

ಗಣಿಯ ಬಾಳು ಕಠಿಣವಾದುದು. ಸಡಿಲವಾದ ಮರಳಿನ ಗೋಡೆಯ ಕೆಳಗೆ ನಿಂತು ಅಗೆಯುವಾಗ ಅದು ಯಾವ ಗಳಿಗೆಯಲ್ಲಿ ಜರಿದು ಮೇಲೆ ಬೀಳುವುದೋ ತಿಳಿಯದು. ಅದಕ್ಕಿಂತಲೂ ಮೋಸದ ಶತ್ರು ಧೂಳು. ಕ್ವಾರ್ಟ್‌ಜೈಟ್ ಶಿಲೆಯ ಕಣ್ಣಿಗೆ ಕಾಣದಷ್ಟು ನುಣುಪಾದ ಧೂಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕು, ಅಲ್ಲಿ ಗಾಯದ ಕಲೆಗಳನ್ನು ಮಾಡಿ, ಕ್ರಮೇಣ ಅದನ್ನು ಗಡುಸಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯವೆಂದು ತಪ್ಪು ತಿಳಿದು ಚಿಕಿತ್ಸೆ ಮಾಡುವುದೂ ಉಂಟು. ತುಘಲಕಾಬಾದಿನ ಬಳಿಯ ಲಾಲ್ ಕುವಾಂ ಎಂಬಲ್ಲಿ ಕಲ್ಲುಪುಡಿ ಮಾಡುವ ಯಂತ್ರಗಳಲ್ಲಿ ದುಡಿದವರನ್ನು ಈ ರೋಗವು ಯಂತ್ರಗಳು ನಿಂತು ಹೋದ ಎಷ್ಟೋ ವರ್ಷಗಳ ಮೇಲೂ ಬಿಡಲಿಲ್ಲ.

ಇದೇ ಗುಡ್ಡದ ಸಾಲಿನ ಮುಂದುವರಿಕೆಯಾದ ಫರೀದಾಬಾದ್ ಜಿಲ್ಲೆಯ ಕಲ್ಲುಗಣಿಗಳ ಕೂಲಿಗಳ ದುಃಸ್ಥಿತಿಯನ್ನು ತಿಳಿಸಿ, ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಸ್ಥೆಯು ೧೯೮೨ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಕಾಗದವನ್ನು ಬರೆಯಿತು. ನ್ಯಾಯಾಲಯವು ಆ ಕಾಗದವನ್ನೇ ಅರ್ಜಿಯೆಂದು ಭಾವಿಸಿ ವಿಚಾರಣೆ ನಡೆಸಿತು. ಕೂಲಿಗಳು ಹಳ್ಳದ ಕೊಳಕು ನೀರನ್ನು ಕುಡಿಯುತ್ತಿದ್ದಾರೆ, ಕಲ್ಲಿನ ಮೇಲೆ ಕಲ್ಲು ಪೇರಿಸಿ ಹುಲ್ಲು ಹೊದಿಸಿದ, ನೆಟ್ಟಗೆ ನಿಲ್ಲಲೂ ಆಗದ ಗುಡಿಸಲುಗಳಲ್ಲಿದ್ದಾರೆ ಎಂದು ತನಿಖೆಗೆ ಹೋದವರು ವರದಿ ಮಾಡಿದರು. ೧೯೮೩ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ನೀಡಿದ ತೀರ್ಪು ಭಾರತದ ನ್ಯಾಯಚರಿತ್ರೆಯಲ್ಲಿ ಪ್ರಖ್ಯಾತವಾಗಿದೆ. ರಾಜ್ಯಾಂಗದ ೨೧ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕೆಂದರೆ ಮಾನವಯೋಗ್ಯವಾದ ಘನತೆಯಿಂದ ಜೀವಿಸುವ ಹಕ್ಕು ಎಂಬುದನ್ನು ಅದು ಎತ್ತಿ ಹಿಡಿಯಿತು. ತೋಮರರ ಅಣೆಕಟ್ಟೂ ತುಘಲಕರ ಕೋಟೆಯೂ ಈ ಗುಡ್ಡ ನಮಗೆ ಕೊಟ್ಟ ಸ್ಮಾರಕಗಳಾದರೆ, ಈ ತೀರ್ಪನ್ನೂ ಅವುಗಳ ಸಾಲಿನಲ್ಲಿ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇತ್ತ ಗುಡ್ಡವನ್ನು ಉಳಿಸಬೇಕೆಂಬ ಭಾವನೆಯೂ ಬಲಿಯುತ್ತಿತ್ತು. ೧೯೮೬ರಲ್ಲಿ ಅಸೋಲಾ ಮತ್ತು ಅದರ ನೆರೆಯ ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ಅಭಯಾರಣ್ಯವೆಂದು ಸಾರಲಾಯಿತು. ಕುಸಿತದಿಂದ ಕೂಲಿಗಳ ಪ್ರಾಣಹಾನಿಯಾದ ಬಳಿಕ, ೧೯೯೦ರ ಸುಮಾರಿಗೆ, ಭಟ್ಟಿಯ ಗಣಿಗಳು ನಿಂತುವು. ೧೯೯೧ರಲ್ಲಿ ಭಟ್ಟಿಯ ನೆಲವನ್ನೂ ಅಭಯಾರಣ್ಯಕ್ಕೆ ಸೇರಿಸಿದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ದೆಹಲಿಯ ಕಲ್ಲುಪುಡಿ ಯಂತ್ರಗಳೂ ಮುಚ್ಚಿದುವು.

ಗುದ್ದಲಿ ನಿಂತ ಮೇಲೆ ಪ್ರಕೃತಿ ತನ್ನ ಕೆಲಸವನ್ನು ಪ್ರಾರಂಭಿಸಿತು. ಆಳವಾದ ಗುಣಿಗಳಲ್ಲಿ ನೀರು ನಿಂತು ಕೊಳಗಳಾದುವು. ಅವುಗಳಲ್ಲೊಂದಕ್ಕೆ ನೀರಿನ ಬಣ್ಣದಿಂದ ನೀಲಿ ಝೀಲ್ ಎಂದು ಹೆಸರಾಯಿತು. ನೀರಿಗೆ ಹಕ್ಕಿಗಳು ಬಂದುವು. ನೀಲಗಾಯಿ, ನರಿ, ಮೊಲ, ಮುಳ್ಳುಹಂದಿ, ಪುನುಗುಬೆಕ್ಕು, ನವಿಲುಗಳಿಗೆ ಕುರುಚಲು ಕಾಡು ಆಶ್ರಯವಾಯಿತು. ಅರಾವಳಿಯ ಉದ್ದಕ್ಕೂ ರಾಜಸ್ಥಾನದ ಸರಿಸ್ಕಾದವರೆಗೆ ಚಾಚಿರುವ ಬೆಟ್ಟದ ದಾರಿಯ ಈ ತುದಿಯಲ್ಲಿ ಚಿರತೆ ಮತ್ತು ಕತ್ತೆಕಿರುಬಗಳು ಇರುವುದನ್ನು ಕಾಡಿನಲ್ಲಿಟ್ಟ ಕ್ಯಾಮರಾಗಳು ತೋರಿಸಿಕೊಟ್ಟಿವೆ. ಆದರೆ ಪ್ರಕೃತಿಯೊಂದೇ ಇಷ್ಟನ್ನೂ ಮಾಡಿತೆಂದು ಹೇಳಲಾಗದು. ಪ್ರಾದೇಶಿಕ ಸೇನೆಯ ಪರಿಸರ ದಳದ ಸಿಪಾಯಿಗಳು ಮೇಲ್ಮಣ್ಣಿಲ್ಲದ ಗಣಿಯ ನೆಲದಲ್ಲಿ ಸಸಿ ನೆಟ್ಟು, ನೀರೆರೆದು, ಕಾವಲು ಕಾದರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಮಕ್ಕಳಿಗೂ ಪೌರರಿಗೂ ಕಾಡನ್ನು ಪರಿಚಯ ಮಾಡಿಸುವ ಕೇಂದ್ರವನ್ನು ಅಲ್ಲಿ ನಡೆಸಿದರು. ನಗರವು ತನ್ನ ಕಷ್ಟವನ್ನೂ ಈ ಕಾಡಿನ ಮೇಲೆಯೇ ಹೇರಿತು. ೨೦೦೭ರಲ್ಲಿ ಉಚ್ಚ ನ್ಯಾಯಾಲಯದ ಆದೇಶವಾದ ಮೇಲೆ, ಊರಿನಲ್ಲಿ ಹಿಡಿದ ಸಾವಿರಾರು ಕೋತಿಗಳನ್ನು ತಂದು ಇಲ್ಲಿ ಬಿಡಲಾಯಿತು.

ಅಭಯಾರಣ್ಯಕ್ಕೆ ಹತ್ತಿರದಲ್ಲಿಯೇ, ಹರಿಯಾಣದ ನೆಲದಲ್ಲಿ, ಮಂಗರ್ ಬನಿ ಎಂಬ ದೇವರಕಾಡಿದೆ. ಗುದರಿಯಾ ದಾಸ್ ಬಾಬಾ ಎಂಬ ಸಾಧುವಿನ ನೆಲೆಯೆಂದು ನಂಬಿ ಸುತ್ತಣ ಹಳ್ಳಿಗರು ಅಲ್ಲಿ ಒಂದು ಕೊಂಬೆಯನ್ನೂ ಕಡಿಯದೆ ತಲೆಮಾರುಗಳಿಂದ ಕಾದಿದ್ದಾರೆ. ಆದುದರಿಂದ ನಮ್ಮ ದಿಂಡಿಗದ ಸಂಬಂಧಿಯಾದ ಧೌ ಮರಗಳ ದಟ್ಟವಾದ ಕಾಡು ಅಲ್ಲಿ ಉಳಿದಿದೆ. ಅಗೆಯದೆ ಬಿಟ್ಟಿದ್ದರೆ ಭಟ್ಟಿಯ ಗುಡ್ಡ ಹೇಗಿರುತ್ತಿತ್ತೆಂಬುದಕ್ಕೆ ಮಂಗರ್ ಬನಿ ಕನ್ನಡಿಯಾಗಿದೆ. ಧೌ, ಮುತ್ತುಗ, ಕಾಚಿನ ಮರಗಳನ್ನು ಬಳ್ಳಾರಿ ಜಾಲಿಯ ನಡುವೆ ಮತ್ತೆ ಬೆಳೆಸಬೇಕೆಂದು ಶ್ರಮಿಸುವವರಿಗೆ ಆ ದೇವರಕಾಡೇ ಪಾಠಶಾಲೆ.

ಹೀಗೆ ಗಣಿ ಕಾಡಾಯಿತು. ಗಣಿಯ ಜನ ಏನಾದರು? ೧೯೭೦ರ ದಶಕದಲ್ಲಿ ಸರ್ಕಾರವೇ ಅವರನ್ನು ಗಣಿಗಳ ಬಳಿ ನೆಲೆಗೊಳಿಸಿತ್ತು. ಸಂಜಯ್ ಕಾಲೊನಿ ಎಂಬ ವಸತಿ ಹುಟ್ಟಿದುದು ಹಾಗೆ. ಆ ವಸತಿಗೆ ಭಗೀರಥ ನಗರವೆಂದೂ ಹೆಸರುಂಟು. ನೆಲ ಅಭಯಾರಣ್ಯವಾದಾಗ ಕೆಲಸವೂ ಹೋಯಿತು, ನಿಂತ ನೆಲದ ಮೇಲಿನ ನೆಮ್ಮದಿಯೂ ಹೋಯಿತು. ಕರೆದು ತಂದು ಕೂರಿಸಿದವರೇ ಈಗ ಅತಿಕ್ರಮಣಕಾರರೆಂದರು. ಏಣಿನ ವಸತಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನವಾಯಿತು. ಅಂದಿನಿಂದ ತೆರವಿನ ಭಯ ಅವರ ಬಾಗಿಲಲ್ಲಿಯೇ ಕುಳಿತಿತು.

ಇಲ್ಲಿ ಎರಡು ಪಕ್ಷಗಳಿವೆ, ಎರಡಕ್ಕೂ ನ್ಯಾಯವಿದೆ. ಕಾಡಿನ ಪಕ್ಷದವರು ಹೇಳುವುದನ್ನು ತಳ್ಳಿಹಾಕುವಂತಿಲ್ಲ. ಈ ಬಿರುಕುಬಿಟ್ಟ ಬಂಡೆಗಳ ಮೂಲಕವೇ ಮಳೆಯ ನೀರು ನೆಲದೊಳಕ್ಕೆ ಇಂಗುತ್ತದೆ. ರಾಜಸ್ಥಾನದ ಕಡೆಯಿಂದ ಬರುವ ಬಿಸಿಗಾಳಿಗೂ ಧೂಳಿಗೂ ಇದು ತಡೆ. ಇದು ಹೋದರೆ ನಗರಕ್ಕೆ ಇನ್ನೊಂದು ಗುಡ್ಡ ಹುಟ್ಟುವುದಿಲ್ಲ. ಗಣಿಯ ಜನರ ಪಕ್ಷದ ಮಾತೂ ಅಷ್ಟೇ ನೇರವಾದುದು: ಮರಳನ್ನು ಅಗೆದವರು ನಾವು, ಅದರಿಂದ ಮನೆ ಕಟ್ಟಿಕೊಂಡವರು ನೀವು. ಗುಡ್ಡ ಬರಿದಾದುದಕ್ಕೆ ದಂಡ ತೆರಬೇಕಾದವರು ನಾವೊಬ್ಬರೇ ಏಕೆ? ಈ ಪ್ರಶ್ನೆಗೆ ಯಾವ ವನಶಾಸ್ತ್ರವೂ ಉತ್ತರ ಹೇಳಲಾರದು; ನಗರವಾಸಿಗಳ ಆತ್ಮಸಾಕ್ಷಿ ಹೇಳಬೇಕು.

ಅಭಯಾರಣ್ಯವೆಂದರೆ ಮನುಷ್ಯನ ಕೈ ಸೋಂಕದ ನೆಲವೆಂದು ಭಾವಿಸುವುದು ವಾಡಿಕೆ. ಭಟ್ಟಿಯಲ್ಲಿ ಆ ಭಾವನೆ ನಿಲ್ಲಲಾರದು. ಅಲ್ಲಿ ಹಕ್ಕಿ ನೀರು ಕುಡಿಯುವ ಕೊಳವನ್ನು ತೋಡಿದವನು ಓಡ್ ಕೂಲಿ. ಭಗೀರಥನ ವಂಶದವರೆನ್ನಿಸಿಕೊಂಡವರು ತಿಳಿದೋ ತಿಳಿಯದೆಯೋ ಒಣಗುಡ್ಡಕ್ಕೆ ನೀರು ತಂದಿದ್ದಾರೆ. ಆದುದರಿಂದ ಆ ಕಾಡಿನ ಚರಿತ್ರೆಯನ್ನು ಹೇಳುವಾಗ ಚಿರತೆ ಮತ್ತು ನೀಲಗಾಯಿಗಳ ಹೆಸರಿನೊಡನೆ ಗಣಿಯ ಕೂಲಿಗಳ ಹೆಸರನ್ನೂ ಹೇಳುವುದು ಸತ್ಯಕ್ಕೆ ಸಲ್ಲಬೇಕಾದ ಋಣ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಿಗೆ ಗಣಿಯ ಗೋಡೆಯ ಮೇಲಿನ ಗುದ್ದಲಿಯ ಗುರುತುಗಳನ್ನೂ ತೋರಿಸಬೇಕು. ಗುಡ್ಡವನ್ನು ಬಲ್ಲವರೂ ಮಣ್ಣಿನ ಕೆಲಸ ಬಲ್ಲವರೂ ಆದ ಅವರ ಮಕ್ಕಳಿಗೆ ಕಾಡಿನ ಕಾವಲಿನಲ್ಲಿಯೂ ಪಾಲನೆಯಲ್ಲಿಯೂ ಕೆಲಸ ದೊರೆತರೆ, ಕಾಡಿಗೂ ಲಾಭ, ನ್ಯಾಯಕ್ಕೂ ಲಾಭ.

ಈ ವಿಚಾರ ದೂರದ ದೆಹಲಿಯದೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಚಿನ್ನ ಹೋದ ಮೇಲೆ ಉಳಿದ ಬೂದುಬಣ್ಣದ ಮರಳಿನ ದಿಬ್ಬಗಳೂ, ಗಣಿಯ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದ ಜನವೂ ಅಲ್ಲಿ ಉಳಿದರು. ಮುಂದೆಂದಾದರೂ ಆ ನೆಲವನ್ನು ಉದ್ಯಾನವನ್ನಾಗಿಯೋ ಕಾಡನ್ನಾಗಿಯೋ ಮಾಡಬೇಕೆಂದು ಯೋಚಿಸುವವರು ಮೊದಲು ಒಮ್ಮೆ ಭಟ್ಟಿಯ ಕಡತಗಳನ್ನು ತೆರೆದು ನೋಡಲಿ. ಮರಗಳ ಪಟ್ಟಿಯನ್ನು ಸಿದ್ಧಪಡಿಸುವುದಕ್ಕೆ ಮುಂಚೆ ಅಲ್ಲಿ ದುಡಿದವರ ಪಟ್ಟಿಯನ್ನು ಸಿದ್ಧಪಡಿಸಲಿ.